ಮುಳ್ಳಟ್ಟಿಗೆ ಬಂದ ಮನಃಶಾಂತಿ ಕೇಂದ್ರ

ಬಹಳ ಹಿಂದೆ, ಅಂದರೆ ಅಷ್ಟೇನೂ ಹಿಂದಲ್ಲದ ಕಾಲದಲ್ಲಿ, ಹರ್ಷಾವತಿ ಎಂಬ ರಾಜ್ಯವಿತ್ತು. ಅದನ್ನಾಳುತ್ತಿದ್ದ ನಿಶ್ಚಿಂತವರ್ಮ ಮಹಾಪ್ರಭುಗಳಿಗೆ ಪ್ರಜೆಗಳ ಕಣ್ಣೀರು ಕಂಡರಾಗುತ್ತಿರಲಿಲ್ಲ. ಆದ್ದರಿಂದ ಅವರು ಆ ಕಡೆ ನೋಡುತ್ತಿರಲಿಲ್ಲ.

ಒಂದು ದಿನ ಗಡಿಯ ಹಳ್ಳಿ ಮುಳ್ಳಟ್ಟಿಯಿಂದ ದ್ಯಾಮವ್ವ ಎಂಬಾಕೆ ಮೂರು ದಿನ ನಡೆದು ಆಸ್ಥಾನಕ್ಕೆ ಬಂದಳು.

"ಯಪ್ಪಾ, ನನ್ನ ಗಂಡ ಫಕೀರಪ್ಪ ಕುಡಿಯೂದು ಬಿಡತೀನಿ ಅಂತಾನ. ಬಿಟ್ಟರ ಕೈಕಾಲು ನಡಗತಾವ, ಇಲ್ಲದ್ದೆಲ್ಲಾ ಕಾಣತಾವಂತ ಚೀರತಾನ. ನಮ್ಮ ಕಡೆ ಒಬ್ಬ ಡಾಕ್ಟರೂ ಇಲ್ಲರಿ. ಕಳಿಸಿಕೊಡ್ರಿ."

"ಹಳ್ಳಿಹಳ್ಳಿಗೂ ಮನೋಚಿಕಿತ್ಸೆ!" ಎಂದು ಪ್ರಭುಗಳು ಘೋಷಿಸಿದರು.

ಮಹಾಮಂತ್ರಿ ಯೋಜನಾಭೂಷಣರು ಕಣ್ಣೊರೆಸಿಕೊಂಡರು. "ಇದನ್ನು ಕೇಳಿದ್ದೇ ನನ್ನ ಖಿನ್ನತೆ ಮಾಯವಾಯಿತು ಪ್ರಭು."

"ನಿಮಗೆ ಖಿನ್ನತೆಯಿತ್ತೇ?"

"ಈ ಆಜ್ಞೆಗೆ ಮುಂಚೆ ಇತ್ತು."

ರಾಜ್ಯದಲ್ಲಿದ್ದ ಮನೋವೈದ್ಯ ಒಬ್ಬನೇ. ಅವನೂ ಪಟ್ಟದಾನೆಯ ಮುನಿಸು ಬಿಡಿಸುವ ಕೆಲಸದಲ್ಲಿದ್ದ. ಆದರೆ ಮಂತ್ರಿಗಳು ಎದೆಗುಂದಲಿಲ್ಲ. ಈಗಾಗಲೇ ಪ್ರತಿ ಹಳ್ಳಿಯನ್ನೂ ತಲುಪಿರುವ ಇಲಾಖೆ ಯಾವುದೆಂದು ಸಮೀಕ್ಷೆ ಮಾಡಿಸಿದರು. ಒಂದೇ ಸಿಕ್ಕಿತು: ಸಾರಾಯಿ ಇಲಾಖೆ. ಕೂಡಲೇ ಎಲ್ಲ ಸಾರಾಯಿ ಅಂಗಡಿಗಳಿಗೂ 'ಮನಃಶಾಂತಿ ಕೇಂದ್ರ' ಎಂಬ ಎರಡನೆಯ ಬೋರ್ಡು ಬಿತ್ತು. ಅಂಗಡಿಯವರೆಲ್ಲ ಅರ್ಧ ದಿನದ ಕಾರ್ಯಾಗಾರದಲ್ಲಿ ಆಪ್ತಸಮಾಲೋಚಕರಾದರು.

ಅಷ್ಟರಲ್ಲಿ ಫಕೀರಪ್ಪ ಕುಡಿತ ಬಿಟ್ಟು ಇಪ್ಪತ್ತೊಂದು ದಿನವಾಗಿತ್ತು. ಮೊದಲ ವಾರವಂತೂ ಸತ್ತು ಬದುಕಿದ್ದ. ಹೆಂಡತಿಯೊಂದಿಗೆ ಕೇಂದ್ರಕ್ಕೆ ಹೋದ. ಸಮಾಲೋಚಕನಾಗಿದ್ದ ಅಂಗಡಿಯ ಗುದ್ನೆಪ್ಪ ಅವನ ಬಾಯಿ ಮೂಸಿದ.

"ವಾಸನೀನ ಇಲ್ಲಲ್ಲೋ! ನಿನ್ನ ರೋಗಿ ಅಂತ ಹೆಂಗ ಬರಕೊಳ್ಳಲಿ? ಒಂದು ಬಾಟ್ಲಿ ಹಾಕ್ಕೊ, ಫಾರಂ ತುಂಬೂಣು."

ಫಕೀರಪ್ಪನ ಕೈ ತಾನಾಗಿಯೇ ಮುಂದೆ ಹೋಯಿತು. ದ್ಯಾಮವ್ವ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ನಡಿ ಮನಿಗೆ. ಏನು ಹೇಳೂದೈತಿ, ನನ್ನ ಮುಂದ ಹೇಳು."

ಮನೆಯ ಕಟ್ಟೆಯ ಮೇಲೆ ಕೂತು ಅವನು ಸಂಜೆಯತನಕ ಹೇಳಿದ. ಅವಳು ಶೇಂಗಾ ಸುಲಿಯುತ್ತ ಕೇಳಿದಳು. ಮರುದಿನ ಪಕ್ಕದ ಹುಲಿಗೆವ್ವ ತನ್ನ ಗಂಡನನ್ನೂ ಕರೆತಂದಳು. ವಾರದೊಳಗೆ ಕಟ್ಟೆಯ ಮೇಲೆ ಹನ್ನೊಂದು ಗಂಡಸರು. ಅಳುವವರು ಅತ್ತರು, ಆಮೇಲೆ ಒಬ್ಬರನ್ನೊಬ್ಬರು ಅಣಕಿಸಿ ನಕ್ಕರು. ಗಂಡ ಕುಡಿಯದೆಯೂ ನಗಬಲ್ಲನೆಂದು ದ್ಯಾಮವ್ವನಿಗೆ ಗೊತ್ತಾದದ್ದೇ ಆಗ.

ರಾಜಧಾನಿಯಲ್ಲಿ ಗಾಬರಿಯಾಯಿತು. ಮುಳ್ಳಟ್ಟಿಯ ಕೇಂದ್ರಕ್ಕೆ ರೋಗಿಗಳೇ ಬರುತ್ತಿರಲಿಲ್ಲ! ಭಟರು ಬಂದು, ಪರವಾನಗಿಯಿಲ್ಲದೆ ಕಿವಿಗೊಟ್ಟ ಅಪರಾಧಕ್ಕಾಗಿ ಕಟ್ಟೆಯನ್ನು ಮುಟ್ಟುಗೋಲು ಹಾಕಿದರು.

"ಕೇಳೂದಕ್ಕೂ ಲೈಸೆನ್ಸ್ ಬೇಕೇನ್ರಿ?" ಎಂದಳು ದ್ಯಾಮವ್ವ.

"ನಮ್ಮನ್ನೇನು ಕೇಳತಿ ಬೇ? ನಾವೂ ಕೇಳೂ ಹಂಗಿಲ್ಲ," ಎಂದ ಭಟ.

ಫಕೀರಪ್ಪ ಅಡುಗೆಮನೆಯಲ್ಲಿ ಹೆಂಡತಿಯ ಮುಂದೆ ಪಿಸುಮಾತಿನಲ್ಲಿ ಮಾತು ಮುಂದುವರಿಸಿ ಕುಡಿತದಿಂದ ಉಳಿದುಕೊಂಡ. ಆದರೆ ಹನ್ನೊಂದರಲ್ಲಿ ಆರು ಮಂದಿ ಮತ್ತೆ ಗುದ್ನೆಪ್ಪನ ಅಂಗಡಿ ಸೇರಿದರು. 'ಚಿಕಿತ್ಸೆಗೆ ಮರಳಿದ ಆರು ರೋಗಿಗಳು' ಎಂದು ಮಂತ್ರಿಗಳು ವರದಿ ಓದುವಾಗ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಪ್ರಭುಗಳಿಗೆ 'ಮನೋಧನ್ವಂತರಿ' ಎಂಬ ಬಿರುದು ಸಂದಿತು. ಆ ಸಂಭ್ರಮಕ್ಕಾಗಿ ಎಲ್ಲ ಕೇಂದ್ರಗಳೂ ಇನ್ನುಮುಂದೆ ಸೂರ್ಯೋದಯಕ್ಕೇ ಬಾಗಿಲು ತೆರೆಯಬೇಕೆಂದು ಆಜ್ಞೆಯಾಯಿತು.

ಗಂಡಂದಿರನ್ನು ಮನೆಬಾಗಿಲಲ್ಲೇ ತಡೆಯಲು ಮುಳ್ಳಟ್ಟಿಯ ಹೆಂಗಸರು ಅದಕ್ಕೂ ಮುಂಚೆ ಏಳತೊಡಗಿದರು.