ಹೂಂ... ಆಮ್ಯಾಲ?

ನಮ್ಮ ಸೋದರತ್ತೆ, ಅಂದರೆ ಅಪ್ಪನ ಅಕ್ಕ, ಜನ್ಮದಲ್ಲಿ ಕಂಪ್ಯೂಟರ್ ಮುಟ್ಟಿದವಳಲ್ಲ. ಆದರೂ ತೊಂಬತ್ತರ ದಶಕದ ರಾಣೆಬೆನ್ನೂರಿನಲ್ಲಿ ಪ್ರೋಗ್ರಾಂ ಬರೆಯಲು ನನಗಿದ್ದ ಅತ್ಯುತ್ತಮ ಸಾಧನ ಅವಳೇ! ನಗಬೇಡಿ. ಆಗ ಇಂಟರ್ನೆಟ್ ಎಲ್ಲಿತ್ತು? ಇದ್ದದ್ದು ಎರಡು ಫ್ಲಾಪಿ ಮತ್ತು ಒಂದು ಜೆರಾಕ್ಸ್ ಪುಸ್ತಕ. ಅದರಲ್ಲೂ ‘ತಪ್ಪಾದರೆ ಏನು ಮಾಡಬೇಕು’ ಎಂಬ ಪುಟಗಳೇ ಕಪ್ಪಾಗಿ ಬಂದಿದ್ದವು!

ಕಥೆ ಹೇಳುವವರಿಗೆ ಕೇಳುವವರು ಹೂಂಗುಟ್ಟಬೇಕು ಎಂಬುದು ನಮ್ಮ ಕಡೆಯ ಪದ್ಧತಿ ತಾನೇ? ಅತ್ತೆ ಅದನ್ನು ಇಡೀ ಜಗತ್ತಿಗೇ ಹಬ್ಬಿಸಿದ್ದಳು. ಒಮ್ಮೆ ಹಾವೇರಿ ಬಸ್ಸಿನಲ್ಲಿ ಮುಂದಿನ ಸೀಟಿನ ಇಬ್ಬರು ಯಾವುದೋ ಮುರಿದ ಮದುವೆಯ ಸುದ್ದಿ ಮಾತಾಡುತ್ತಿದ್ದರು. ಹಿಂದಿನಿಂದ ಅತ್ತೆ, “ಹೂಂ... ಆಮ್ಯಾಲ?”

ಅವರು ತಿರುಗಿ ನೋಡಿದರು. “ನೀವು ಯಾರ ಕಡ್ಯಾವರ್ರೀ? ಹೆಣ್ಣಿನ ಕಡ್ಯಾವರೋ, ಗಂಡಿನ ಕಡ್ಯಾವರೋ?”

“ಅದನ್ನ ಹಿಂದಾಗಡೆ ನೋಡೂಣಂತ. ಮದಲ ಮುಂದ ಏನಾತು ಹೇಳ್ರಿ!”

ನಾಚಿಕೆಯಿಂದ ಟಿಕೆಟ್ಟಿನ ಹಿಂದೆ ಮುಖ ಮುಚ್ಚಿಕೊಳ್ಳಲು ನೋಡಿದೆ. ಟಿಕೆಟ್ಟು ಹೆಬ್ಬೆರಳಿನಷ್ಟಿತ್ತು! ಕೊನೆಗೆ ಈಕೆ ಯಾರೋ ನನಗೆ ಗೊತ್ತೇ ಇಲ್ಲ ಎಂಬಂತೆ ಕಿಟಕಿಯತ್ತ ತಿರುಗಿ ಕುಳಿತೆ.

ಆದರೆ ಮನೆಯಲ್ಲಿ ಆ ಹೂಂ ಇಲ್ಲದೆ ನನಗೆ ಗತಿ ಇರಲಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯೊಂದಕ್ಕೆ ಪ್ರೋಗ್ರಾಂ ಬರೆಯುವ ಕೆಲಸ ಸಿಕ್ಕಿತ್ತು. ಅದು ನಡೆದರೆ ನನ್ನನ್ನು ಕಾಯಂ ಮಾಡುವುದಾಗಿ, ನಾನು ಕೆಲಸಕ್ಕಿದ್ದ ಕಂಪ್ಯೂಟರ್ ಕ್ಲಾಸಿನ ಸರ್ ಹೇಳಿದ್ದರು. ಅತ್ತೆ ಅವರೆಕಾಯಿ ಸುಲಿಯುವಾಗ ನಾನು ಪ್ರೋಗ್ರಾಮನ್ನು ಕಥೆಯಂತೆ ಹೇಳುತ್ತಿದ್ದೆ.

“ರೈತನ ಹೆಸರು ತಗೋತೈತಿ.”

“ಹೂಂ.”

“ಚೀಲದ ತೂಕ ಕೇಳತೈತಿ.”

“ಹೂಂ. ಆಮ್ಯಾಲ?”

“ಆಮ್ಯಾಲ... ನನಗೂ ಗೊತ್ತಿಲ್ಲ ಅತ್ತಿ.”

“ನಿನಗ ಗೊತ್ತಿಲ್ಲಂದ್ರ ಆ ಡಬ್ಬಿಗೆ ಹೆಂಗ ಗೊತ್ತಾಗಬೇಕೋ ತಮ್ಮಾ?”

ನಾನು ತಡವರಿಸಿದ ಜಾಗದಲ್ಲೇ ತಪ್ಪು ಸಿಗುತ್ತಿತ್ತು!

ಪ್ರೋಗ್ರಾಂ ತೋರಿಸುವ ದಿನ ಬಂತು. ಬ್ಯಾಡಗಿಯಿಂದ ಅಂಗಡಿಯ ಸಾವ್ಕಾರರು ನಮ್ಮ ಕ್ಲಾಸಿಗೇ ಬಂದರು. ಅತ್ತೆಯೂ ಬಂದಳು, ಬುತ್ತಿ ಕಟ್ಟಿಕೊಂಡು! ಬಾಗಿಲ ಬಳಿ ಎಲ್ಲರೂ ಚಪ್ಪಲಿ ಬಿಡುವಲ್ಲಿ ಕುಳಿತಳು. ಸುಮ್ಮನಿರು ಎಂದು ಕಣ್ಣಲ್ಲೇ ಬೇಡಿಕೊಂಡೆ. ಗುಂಡಿ ಒತ್ತಿದೆ. ಪ್ರಿಂಟರು ಕಿರ್ರೆಂದು ಶುರುವಾಯಿತು. ಬಸಪ್ಪ, ಮೇಡ್ಲೇರಿ. ಬಸಪ್ಪ, ಮೇಡ್ಲೇರಿ. ಬಸಪ್ಪ, ಮೇಡ್ಲೇರಿ. ಕಾಗದ ನೆಲಕ್ಕಿಳಿದು ರಾಶಿಯಾಯಿತು, ಬಸಪ್ಪ ಮಾತ್ರ ಕದಲಲಿಲ್ಲ!

“ಏನ್ರೀ, ಇಡೀ ಪ್ಯಾಟಿಗೆ ಈ ಬಸಪ್ಪ ಒಬ್ಬನೇ ಕಾಯಿ ತಂದಾನೇನು?” ಎಂದರು ಸಾವ್ಕಾರರು.

ಎಸಿ ರೂಮಿನಲ್ಲಿ ನಾನು ಬೆವೆತೆ. ಆಗ ಬಾಗಿಲಿನಿಂದ, “ಹೂಂ... ಆಮ್ಯಾಲ?”

ಎಲ್ಲರೂ ಗೊಳ್ಳೆಂದು ನಕ್ಕರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ರೂಢಿಯಾದ ಬಾಯಿ ಕೇಳಬೇಕಲ್ಲ!

“ಬಸಪ್ಪನ ಹೆಸರು ತಗೊಂತು.”

“ಹೂಂ.”

“ತೂಕ ಬರಕೊಂತು.”

“ಹೂಂ. ಆಮ್ಯಾಲ?”

“ಆಮ್ಯಾಲ ಮತ್ತ ಬಸಪ್ಪ...”

ಅಲ್ಲೇ ನಿಂತೆ. ಮುಂದಿನವನನ್ನು ಕರೆ ಎಂದು ಹೇಳುವ ಸಾಲನ್ನೇ ಬರೆದಿರಲಿಲ್ಲ! ಸೇರಿಸಿದೆ. ಬಸಪ್ಪ ಸರಿದ, ಐರಣಿಯ ಫಕೀರಪ್ಪ ಬಂದ, ಅವನ ಹಿಂದೆ ಉಳಿದವರೂ ಬಂದರು. ಸಾವ್ಕಾರರು ತಲೆಯಾಡಿಸಿದರು.

ಸರ್ ಬಾಗಿಲ ಕಡೆ ನೋಡಿ, “ಇವರು ಯಾರೋ?” ಎಂದು ಕೇಳಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಗಡಬಡಿಸಿ ಎದ್ದಳು. “ನಾ ಇವರ ಓಣ್ಯಾಗಿನಾಕಿ ರೀ ಸರ. ಬುತ್ತಿ ಕೊಟ್ಟು ಹೋಗಾಕ ಬಂದಿದ್ದೆ.”

ಬಸ್ಸಿನಲ್ಲಿ ನಾನು ಕಿಟಕಿಯತ್ತ ತಿರುಗಿದ್ದು ಅವಳಿಗೆ ಕಂಡಿತ್ತು. ನನ್ನ ಮಾನ ಉಳಿಸಲು ತನ್ನ ಸಂಬಂಧವನ್ನೇ ಬಿಟ್ಟುಕೊಡುತ್ತಿದ್ದಳು. ಅಷ್ಟು ದಿನ ಅವಳಿಂದ ನಾಚಿಕೆ ಎಂದುಕೊಂಡಿದ್ದೆ. ಆಗ ನನ್ನ ಬಗ್ಗೆಯೇ ನನಗೆ ತಲೆ ಎತ್ತಲಾಗದಷ್ಟು ನಾಚಿಕೆಯಾಯಿತು.

“ಇಲ್ಲರೀ ಸರ, ಸುಳ್ಳು ಹೇಳಾಕತ್ತಾಳ. ನಮ್ಮ ಸ್ವಾದರತ್ತಿ ರೀ ಈಕಿ. ಈಕಿ ಹೂಂ ಅನ್ನಲಿಲ್ಲಂದ್ರ ನನಗ ಒಂದು ಸಾಲೂ ಬರಿಯಾಕ ಬರೂದಿಲ್ಲ.”

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮತ್ತೆ ಚಪ್ಪಲಿಗಳ ನಡುವೆ ಕುಳಿತುಬಿಟ್ಟಳು. ಎಷ್ಟು ಹೊತ್ತು ಕಾದರೂ ಅವಳು ಹೂಂ ಅನ್ನಲಿಲ್ಲ.