ಟಿವಿಯಲ್ಲಿ ಸುರಿದ ರಾಗಿ

ಇದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನು ಹೇಳಿ ಹೇಳಿ ನಡೆದಂತೆ ಮಾಡಿಕೊಂಡದ್ದು ಎಂಬುದು ನನಗೇ ಸರಿಯಾಗಿ ಗೊತ್ತಿಲ್ಲ. ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ಕೂತು ಎಲ್ಲವನ್ನೂ ಅನುಮಾನಿಸುವುದನ್ನು ಕಲಿತೆ. ಕಲಿತ ವಿದ್ಯೆ ಮೊದಲು ತಿರುಗಿಬಿದ್ದದ್ದು ನನ್ನ ನೆನಪಿನ ಮೇಲೆಯೇ. ಆದರೂ ಒಂದು ಮಾತನ್ನು ಧೈರ್ಯವಾಗಿ ಹೇಳುತ್ತೇನೆ. ಹೊನ್ನವಳ್ಳಿಯ ನಮ್ಮ ಸೋದರಮಾವನಷ್ಟು ಟಿವಿಗಾಗಿ ದುಡಿದು, ಅವರಷ್ಟು ಕಡಿಮೆ ಟಿವಿ ನೋಡಿದ ಇನ್ನೊಬ್ಬ ಮನುಷ್ಯ ಸುತ್ತಿನ ಮೂರು ತಾಲ್ಲೂಕಿನಲ್ಲಿ ಸಿಕ್ಕಲಾರ!

ಮಾವನನ್ನು ಪರಿಚಯಿಸಲು ಅವರ ಕಿವಿಯಿಂದ ಶುರುಮಾಡಬೇಕು. ನಮ್ಮ ಕಡೆ ತೆಂಗಿನಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಬಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಬೇಕು. ಆಯಿತೋ ಇಲ್ಲವೋ ತಿಳಿಯಲು ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ನೀರಿನ ಸದ್ದು ಬಂದರೆ ಮತ್ತೆ ಅಟ್ಟಕ್ಕೆ. ಗಡಗಡ ಎಂದರೆ ಕೊಬ್ಬರಿ. ಎಲ್ಲರೂ ಮಾಡುವ ಕೆಲಸವೇ. ಆದರೆ ಮಾವ ಕಾಯಿಗೆ ನಿಲ್ಲಿಸಬೇಕಲ್ಲ? ಗಡಿಯಾರ, ಟಾರ್ಚು, ಔಷಧಿ ಶೀಷೆ, ಮದುವೆಯಲ್ಲಿ ಬಂದ ಉಡುಗೊರೆಯ ಪೊಟ್ಟಣ, ಎಲ್ಲವನ್ನೂ ಕಿವಿಗೆ ಹಿಡಿದು ಅಲ್ಲಾಡಿಸಿ ತೀರ್ಪು ಕೊಡುತ್ತಿದ್ದರು. ನಾನು ನನ್ನ ಪಿಎಚ್‌ಡಿ ಮಹಾಪ್ರಬಂಧಕ್ಕೆ ಗಟ್ಟಿ ರಟ್ಟು ಹಾಕಿಸಿ ಹೆಮ್ಮೆಯಿಂದ ಅವರ ಕೈಗಿತ್ತೆ. ಅದನ್ನೂ ಅಲ್ಲಾಡಿಸಿದರು! "ಇನ್ನೂ ನೀರೈತೆ ಕಣಪ್ಪ," ಎಂದು ವಾಪಸು ಕೊಟ್ಟರು. ನನ್ನ ಪರೀಕ್ಷಕರಿಗೆ ಇದನ್ನೇ ಹೇಳಲು ನಾಲ್ಕು ಪುಟ ಬೇಕಾಗಿತ್ತು.

ನಿಜ ಹೇಳಬೇಕೆಂದರೆ ಆ ಮನೆಯಲ್ಲಿ ಕಿವಿ ಇದ್ದದ್ದು ಅತ್ತೆಗೆ. ಮಾವ ಕೊಬ್ಬರಿ ಎಂದು ಘೋಷಿಸಿ ಒಡೆದ ಕಾಯಿಯಿಂದ ನೀರು ಹಾರಿ ಅವರ ಪಂಚೆಯೇ ನೆನೆಯುತ್ತಿತ್ತು. ಅತ್ತೆ ಹೇಳಿದ್ದು ಒಮ್ಮೆಯೂ ತಪ್ಪಿದ್ದನ್ನು ನಾನು ಕಾಣೆ.

ಇನ್ನು ಟಿವಿಯ ಕಥೆ. ಕಪ್ಪು ಬಿಳುಪಿನ ಪೆಟ್ಟಿಗೆ ಬಂದಾಗ ಊರಿನವರು ಆಂಟೆನಾವನ್ನು ಮನೆಯ ಮೇಲೆ ಕಟ್ಟಿದರು. ಮಾವ ಅಂಗಳದ ತೆಂಗಿನ ಮರದ ನೆತ್ತಿಗೆ ಕಟ್ಟಿದರು. ಎತ್ತರವಿದ್ದಷ್ಟೂ ಚಿತ್ರ ಚೆನ್ನ ಎಂಬುದು ವಿಜ್ಞಾನವೇ, ಒಪ್ಪಿದೆ. ಗಾಳಿಗೆ ಮರ ತೂಗುತ್ತದೆ ಎಂಬುದೂ ವಿಜ್ಞಾನವೇ ತಾನೆ? ಮರ ತೂಗಿದಾಗಲೆಲ್ಲ ತೆರೆಯ ಮೇಲೆ ಬಿಳಿ ಕರಿ ಚುಕ್ಕೆಗಳು ಸುರಿಯುತ್ತಿದ್ದವು. ಆ ಚುಕ್ಕೆಗಳಿಗೆ ಮನೆಯಲ್ಲಿ ಇಟ್ಟ ಹೆಸರು ರಾಗಿ. ರಾಗಿ ಸುರಿದ ಕೂಡಲೇ ಮಾವ ಮರ ಹತ್ತಿ, ಆಂಟೆನಾದ ಕೊಳವೆ ತಿರುಗಿಸಿ, "ಬಂತಾ?" ಎನ್ನುವರು. ರಜೆಗೆ ಬಂದ ನಾನು ಟಿವಿಯ ಮುಂದೆ. ಅತ್ತೆ ಹೊಸ್ತಿಲ ಮೇಲೆ, ಮರದ ಕಡೆ ಮುಖ ಮಾಡಿ. ನಾನು ಹೇಳಿದ್ದನ್ನು ಅತ್ತೆ ಮೇಲಕ್ಕೆ ಕೂಗುವರು: ಬಂತು, ರಾಗಿ, ಹೋಯ್ತು. ದೇಶದ ಸಮಸ್ತ ಸುದ್ದಿಯೂ ಮಾವನಿಗೆ ತಲುಪುತ್ತಿದ್ದುದು ಈ ಮೂರೇ ಪದಗಳಲ್ಲಿ!

ನಾನು ಪಿಯುಸಿ ಓದುತ್ತಿದ್ದಾಗ ಕೃಷಿ ಕಾರ್ಯಕ್ರಮದವರು ಕ್ಯಾಮೆರಾ ಹೊತ್ತು ಊರಿಗೆ ಬಂದರು. ಸದ್ದು ಕೇಳಿ ಕೊಬ್ಬರಿ ಗುರುತಿಸುವವರು ಬೇಕೆಂದರು. ಊರು ಅತ್ತೆಯತ್ತ ಕೈ ತೋರಿಸಿತು. ಅವರು ಕ್ಯಾಮೆರಾ ಅಣಿಮಾಡುವುದರೊಳಗೆ ಮಾವನಿಗೆ ಎಲ್ಲಿಲ್ಲದ ನಾಚಿಕೆ ಬಂತು. ಆಂಟೆನಾ ನೋಡಿ ಬರುತ್ತೇನೆಂದು ಮರ ಹತ್ತಿದವರು ಟಿವಿಯವರ ವ್ಯಾನು ಊರು ಬಿಟ್ಟ ಮೇಲೆಯೇ ಇಳಿದದ್ದು.

ಅದು ಪ್ರಸಾರವಾದ ಸಂಜೆ ಬಿರುಗಾಳಿ. ಮಾವ ಕೊಳವೆ ಹಿಡಿದರೆ ಚಿತ್ರ, ಕೈ ಬಿಟ್ಟರೆ ರಾಗಿ. ಹೀಗಾಗಿ ಮಾವ ಮೇಲೆಯೇ ಉಳಿದರು. ಗಂಡ ಎಲ್ಲಿ ಬೀಳುವರೋ ಎಂದು ಅತ್ತೆ ಟಿವಿಗೆ ಬೆನ್ನು ಹಾಕಿ ಮರವನ್ನೇ ನೋಡುತ್ತ ನಿಂತರು. ಟಿವಿಯೊಳಗಿನ ಅತ್ತೆಯನ್ನು ಆ ಮನೆಯಲ್ಲಿ ನೋಡಿದವನು ನಾನೊಬ್ಬನೇ. ಮಸುಕು ರಾಗಿಯೊಳಗೆ ಅತ್ತೆ ಕಾಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರು. ಏನೋ ಅಂದರು. ಅಷ್ಟರಲ್ಲಿ ಮಾವನ ಬೆನ್ನಿಗೆ ಇರುವೆ ಕಚ್ಚಿತು, ಅವರು ಕೈ ಬಿಟ್ಟು ಕೆರೆದುಕೊಂಡರು, ಇಲ್ಲಿ ಪಲ್ಲಗಟ್ಟಲೆ ರಾಗಿ ಸುರಿದು ಎಲ್ಲ ಮುಚ್ಚಿಹೋಯಿತು.

ಇಳಿದವರು ಕೇಳಿದ್ದು ಒಂದೇ: "ಏನಂದ್ಲು?"

ನಾನು ಹೇಳಿದೆ: "'ನಮ್ ಯಜಮಾನ್ರು ಮರದ ಮೇಲವ್ರೆ, ಅವರನ್ನೂ ತೋರ್ಸಿ' ಅಂದ್ರು."

ಅತ್ತೆ ಸೆರಗು ಬಾಯಿಗಿಟ್ಟು ನಕ್ಕರು. "ಏನೇನೋ ಅಂದೆ ಕಣಪ್ಪ. ಯಾವ್ದು ಹಾಕವ್ರೋ, ಯಾವ್ದು ಬುಟ್ಟವ್ರೋ."

ಮಾವನ ಮುಖ ಕೆಂಪಾಯಿತು. ಪುನಃ ಪ್ರಸಾರ ಇದ್ದೇ ಇರುತ್ತದೆ, ಆಗ ನೋಡಿದರಾಯಿತು ಎಂದರು. ಅಂದಿನಿಂದ ಕಾಯತೊಡಗಿದರು.

ಪುನಃ ಪ್ರಸಾರ ಬರಲಿಲ್ಲ. ಕೆಲವು ವರ್ಷಗಳಲ್ಲಿ ಅತ್ತೆ ತೀರಿಕೊಂಡರು. ಊರಿನ ತುಂಬ ಬಣ್ಣದ ಟಿವಿ, ಮನೆ ಮನೆಯ ಮೇಲೆ ಡಿಶ್ ಬಂದವು. ಮಾವ ಮಾತ್ರ ಅದೇ ಪೆಟ್ಟಿಗೆ, ಅದೇ ಮರ, ಅದೇ ಕೃಷಿ ಕಾರ್ಯಕ್ರಮ. ಡಿಶ್ ಹಾಕಿಸಿಕೊಡುತ್ತೇನೆಂದರೆ ಅವರದೊಂದು ತರ್ಕ: "ಅವಳನ್ನ ಕಳ್ಸಿದ್ದು ಈ ದಾರೀಲಿ. ಬರೋದೂ ಈ ದಾರೀಲೇ ಅಲ್ವೇನ್ಲಾ?"

ಒಂದು ದಿನ ಪೆಟ್ಟಿಗೆಯಲ್ಲಿ ರಾಗಿ ಬಿಟ್ಟು ಬೇರೇನೂ ಬರಲಿಲ್ಲ. ಎಪ್ಪತ್ತು ದಾಟಿದ ಮಾವ ಮರ ಹತ್ತಿ ಎಂಟು ದಿಕ್ಕಿಗೂ ತಿರುಗಿಸಿದರಂತೆ. ಆಮೇಲೆ ಟಿವಿಯನ್ನು ಮೊಪೆಡ್ಡಿಗೆ ಬಿಗಿದು ತಿಪಟೂರಿನ ರಿಪೇರಿ ಅಂಗಡಿಯ ರಿಯಾಜಣ್ಣನ ಮುಂದಿಟ್ಟರು. "ಯಜಮಾನ್ರೇ, ಟಿವಿ ಸರಿಯಾಗೈತೆ. ಕಳ್ಸೋರೇ ನಿಲ್ಸವ್ರೆ. ಈಗೆಲ್ಲ ಡಿಜಿಟಲ್ಲು," ಎಂದ ರಿಯಾಜಣ್ಣ. ಮಾವ ನಂಬಲಿಲ್ಲ. ಮತ್ತೆ ಹೋದರು. ಮೂರನೆಯ ಸಲ ರಿಯಾಜಣ್ಣ ಮಾವನ ಸಮಾಧಾನಕ್ಕೆ ಪೆಟ್ಟಿಗೆ ಬಿಚ್ಚಿ, ಧೂಳು ಒರೆಸಿ, ಹಾಗೆಯೇ ಮುಚ್ಚಿ, ಟೀ ಕುಡಿಸಿ, ನನಗೆ ಫೋನು ಮಾಡಿದ.

ನಾನು ಹೊಸ ಟಿವಿ, ಡಿಶ್, ಸೆಟ್‌ಟಾಪ್ ಬಾಕ್ಸ್ ಎಲ್ಲ ಹೊತ್ತು ಹೋದೆ. ಮಾವ ಬಾಕ್ಸನ್ನು ಏನು ಮಾಡಿರಬಹುದು, ಹೇಳಿ? ಕಿವಿಗೆ ಹಿಡಿದು ಅಲ್ಲಾಡಿಸಿದರು. "ನೀರೂ ಇಲ್ಲ, ಕೊಬ್ಬರೀನೂ ಇಲ್ಲ ಕಣ್ಲಾ."

ಎಲ್ಲ ಜೋಡಿಸಿ, ಹೊಸ ಟಿವಿ ಹಚ್ಚಿ, ನಾನು ಪಾಠ ಶುರುಮಾಡಿದೆ. ಹಳೆಯದರಲ್ಲಿ ಸಿಗ್ನಲ್ ಕುಂದಿದಷ್ಟೂ ಚಿತ್ರ ಮಸುಕಾಗುತ್ತಿತ್ತು. ಹೊಸದರಲ್ಲಿ ಹಾಗಲ್ಲ, ಬಂದರೆ ಪೂರ್ತಿ ಬರುತ್ತದೆ, ಇಲ್ಲವಾದರೆ ಪೂರ್ತಿ ಇಲ್ಲ ಎಂದೆ.

ಮಾವ ಹೊಸ ತೆರೆಯ ಹತ್ತಿರ ಬಗ್ಗಿ ನೋಡಿದರು. "ಅಂದ್ರೆ, ರಾಗಿ ಒಳಗೆ ಮಸುಕ್ ಮಸುಕಾಗಿ ಇರೋರ್ಗೆ ಇದ್ರಾಗೆ ಜಾಗಾನೇ ಇಲ್ಲ ಅನ್ನು."

ಆಮೇಲೆ, ಇಷ್ಟು ವರ್ಷ ಕೇಳದ ಪ್ರಶ್ನೆ ಕೇಳಿದರು: "ಇನ್ ಅದು ಬರಲ್ಲ. ನೋಡಿರೋನು ನೀನೊಬ್ನೇ. ನಿಜವಾಗ್ಲೂ ಹಂಗಂದ್ಲಾ?"

ಹೌದು ಎಂದುಬಿಡಬಹುದಿತ್ತು. ಆದರೆ ಆ ಸಂಜೆ ಟಿವಿಯಿಂದ ಬರುತ್ತಿದ್ದುದು ಬರೀ ಸುರ್ರ್ ಎಂಬ ಸದ್ದು. ಆ ಸದ್ದಿನಲ್ಲಿ ಮಾತು ಕೇಳಿದೆನೋ, ಮರದಿಂದ ಇಳಿದವರ ಮುಖ ನೋಡಿ ಹುಟ್ಟಿಸಿದೆನೋ? "ಅಂದ ಹಾಗಿತ್ತು, ಮಾವ," ಎಂದೆ. ಅಂದ ಹಾಗಿತ್ತು! ಇದನ್ನು ಹೇಳಲು ಅಷ್ಟೊಂದು ಓದಬೇಕಿತ್ತೇ? ಮಾವ ತಲೆಯಾಡಿಸಿ ಹೊಸ ಟಿವಿಯ ಸ್ವಿಚ್ಚು ಆರಿಸಿದರು.

ನನಗೆ ತಡೆಯಲಾಗಲಿಲ್ಲ. ಮಾರನೆಯ ವಾರ ತುರುವೇಕೆರೆಗೆ, ಅತ್ತೆಯ ತಂಗಿಯ ಮನೆಗೆ ಹೋದೆ. ಆ ಸಂಜೆ ಅವರ ಮನೆಯಲ್ಲಿ ರಾಗಿ ಇರಲಿಲ್ಲವಂತೆ.

"ಮಾತು ಮರ್ತೋಗೈತೆ ಕಣಪ್ಪ," ಎಂದರು ಆಕೆ. "ಅಕ್ಕ ಏನೋ ಅಂದು ಮೇಲಕ್ಕೆ ಕೈ ತೋರ್ಸಿದ್ಲು. ಕ್ಯಾಮೆರಾ ಹಂಗೇ ಮೇಲಕ್ಕೋಯ್ತು. ನೋಡಿದ್ರೆ ಗರಿ ನಡುವೆ ಭಾವನ ಎರಡು ಕಾಲು! ಎಷ್ಟು ನಕ್ವೋ."

ಒಂದೇ ಸಾಕ್ಷಿಯನ್ನು ನಂಬುವವನಲ್ಲ ನಾನು. ತೋಟದಲ್ಲಿದ್ದ ಆಕೆಯ ಗಂಡನನ್ನು ಬೇರೆಯಾಗಿ ಕೇಳಿದೆ. ಅವರೂ ಅದನ್ನೇ ಹೇಳಿ, ಬಲಗಾಲಿನ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು ಎಂದು ಸೇರಿಸಿದರು.

ಹಿಂದಿರುಗಿ ಮಾವನಿಗೆ ಎಲ್ಲ ಹೇಳಿದೆ. ಅವರು ಬಲಗಾಲನ್ನು ಮೆಲ್ಲಗೆ ಮುಂದೆ ಚಾಚಿದರು. ಹೆಬ್ಬೆರಳಿನ ಮೇಲೆ ಮಚ್ಚು ತಾಗಿದ ಹಳೆಯ ಗಾಯದ ಗುರುತಿತ್ತು. ಅದನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಹಂಗಾದ್ರೆ ಇಬ್ರೂ ಒಟ್ಗೇ ಇದ್ವಾ?" ಎಂದರು.

ಅತ್ತೆ ಆ ಮಾತು ಆಡಿದರೋ ಇಲ್ಲವೋ, ಇವತ್ತಿಗೂ ಆಣೆ ಮಾಡಿ ಹೇಳಲಾರೆ. ಆದರೆ ಆ ಸಂಜೆ ಟಿವಿಯಲ್ಲಿ ಅತ್ತೆ ಒಬ್ಬರೇ ಇರಲಿಲ್ಲ. ಇದನ್ನು ಮಾತ್ರ ವಿಚಾರಿಸಿ ಖಚಿತಪಡಿಸಿಕೊಂಡಿದ್ದೇನೆ.