ಬುಜ್ಜಿಯವರು ಒದ್ದ ಇಪ್ಪತ್ತೆರಡು ಏಪ್ರನ್‌ಗಳು

ನಮ್ಮ ಕೊಟ್ಟಿಗೆಯ ಬಲಗಡೆಯ ಗೂಟದಲ್ಲಿ ವಿರಾಜಮಾನರಾಗಿರುವ, ಕಿವಿಯಲ್ಲಿ ಹಳದಿ ಬಿಲ್ಲೆಯನ್ನು ಓಲೆಯಂತೆ ಧರಿಸಿರುವ, ಮನಸ್ಸಿದ್ದ ದಿನ ಬಿಂದಿಗೆ ತುಂಬ ಹಾಲು ಕರುಣಿಸುವ ಸೀಮೆಹಸು ಶ್ರೀಮತಿ ಬುಜ್ಜಿಯವರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಕ್ಷೇಮವೆಂದು ಬಲ್ಲೆ. ಇಂದು ಬೆಳಿಗ್ಗೆ ತಮಗೆ ಹಿಂಡಿ ಬೂಸ ಕಲಸಿಟ್ಟವಳು ನಾನೇ. ನನ್ನ ಕ್ಷೇಮವನ್ನು ತಾವು ಈವರೆಗೆ ವಿಚಾರಿಸಿಲ್ಲವಾದ್ದರಿಂದ ನಾನಾಗಿಯೇ ತಿಳಿಸುತ್ತೇನೆ: ಮೊಣಕಾಲಿನ ಊತ ಇಳಿದಿದೆ, ತೊಡೆಯ ಮೇಲಿದ್ದ ತಮ್ಮ ಗೊರಸಿನ ಗುರುತು ನೀಲಿಯಿಂದ ಹಳದಿಗೆ ತಿರುಗಿದೆ. ಮನೆಯ ವಿಚಾರವನ್ನು ಹೀಗೆ ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಗುಟ್ಟಾಗಿ ಬರೆದರೂ ಪ್ರಯೋಜನವಿಲ್ಲ, ಹಾಲಿನ ಡೈರಿಯ ಮುಂದೆ ಸಾಲು ನಿಲ್ಲುವವರಿಗೆಲ್ಲ ಇದು ನನಗಿಂತ ಮೊದಲೇ ತಿಳಿದಿರುತ್ತದೆ.

ತಮಗೆ ನನ್ನ ಪೂರ್ವವೃತ್ತಾಂತ ಗೊತ್ತಿರಲಾರದು. ನಾನು ಶಶಿರೇಖ, ಈ ಮನೆಯ ಸೊಸೆ. ಹದಿನೇಳು ವರ್ಷ ಬೆಳಗಿನ ಜಾವವೇ ಬಂಗಾರಪೇಟೆಯಲ್ಲಿ ರೈಲು ಹತ್ತಿ ಗಾರ್ಮೆಂಟ್ಸ್ ಫ್ಯಾಕ್ಟರಿಯೊಂದಕ್ಕೆ ಹೋಗಿ, ಕತ್ತಲಾದ ಮೇಲೆ ಮನೆ ಸೇರುತ್ತಿದ್ದವಳು. ಊರಿನವರ ಕಣ್ಣಲ್ಲಿ ನಾನು ದೊಡ್ಡ ಟೈಲರ್. ಆದರೆ ತಮ್ಮಲ್ಲಿ ಮುಚ್ಚಿಡುವುದೇನು, ಆ ಹದಿನೇಳು ವರ್ಷವೂ ನಾನು ಹೊಲಿದದ್ದು ಗಂಡಸರ ಅಂಗಿಯ ಎಡಗೈ ಕಫ್ ಒಂದನ್ನೇ. ಬಲಗೈ ಪಕ್ಕದ ಮಿಷನ್ನಿನವಳದು, ಕಾಲರ್ ಮತ್ತೊಂದು ಸಾಲಿನದು. ಇಡೀ ಅಂಗಿ ಹೇಗಿರುತ್ತದೆಂದು ನೋಡಬೇಕೆನಿಸಿದರೆ ರೈಲಿನಲ್ಲಿ ಎದುರು ಕೂತವರನ್ನು ನೋಡಬೇಕಿತ್ತು. ಹೋದ ವರ್ಷ ನಮ್ಮ ಸಾಲನ್ನು ಮುಚ್ಚಿ ಎಲ್ಲರನ್ನೂ ಮನೆಗೆ ಕಳಿಸಿದಾಗ ಬೀದಿಯ ಹೆಂಗಸರು ರವಿಕೆ ಬಟ್ಟೆ ಹಿಡಿದು ನಮ್ಮ ಬಾಗಿಲಿಗೆ ಬಂದರು. ಮೊದಲನೆಯ ರವಿಕೆಗೆ ಎರಡೂ ಎಡಗೈ ತೋಳುಗಳನ್ನೇ ಇಟ್ಟು ಬಹಳ ಅಚ್ಚುಕಟ್ಟಾಗಿ ಹೊಲಿದುಕೊಟ್ಟೆ. ಎರಡನೆಯ ರವಿಕೆ ಬರಲಿಲ್ಲ.

ಇಂಥ ಸಮಯದಲ್ಲಿ, ತಮ್ಮನ್ನು ಕರುವಾಗಿದ್ದಾಗಿನಿಂದ ಸಾಕಿದ ನಮ್ಮ ಅತ್ತೆ ಅಮ್ಮಾಜಮ್ಮನವರು ತಿಪ್ಪೆಗೆ ಸಗಣಿ ಹಾಕಿ ಬರುವಾಗ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ನಮ್ಮ ಯಜಮಾನರಾದ ಕಾಂತರಾಜ್ ಹತ್ತಿರ ಸುಳಿದರೆ ತಾವು ಗೂಟವನ್ನೇ ಕಿತ್ತುಕೊಂಡು ಹೊರಡುವವರು. ಹಾಗಾಗಿ ತಮ್ಮ ಸೇವೆಯ ಭಾಗ್ಯ ನನ್ನ ಪಾಲಿಗೆ ಬಂತು. ಮೊದಲ ದಿನ ನಾನು ಕುಕ್ಕರುಗಾಲಲ್ಲಿ ಕೂತು ಕೆಚ್ಚಲಿಗೆ ಕೈ ಹಾಕುವಷ್ಟರಲ್ಲಿ ತಾವು ಚೊಂಬನ್ನು ಒಂದು ಕಡೆಗೂ ನನ್ನನ್ನು ಇನ್ನೊಂದು ಕಡೆಗೂ ಕಳಿಸಿಕೊಟ್ಟಿರಿ. ಕೊನೆಗೆ ಅತ್ತೆಯವರು ಕಟ್ಟು ಹಾಕಿದ ಕೈಯನ್ನು ಎದೆಗೆ ಆನಿಸಿಕೊಂಡು ಬಂದು, ಎಡಗೈಯಲ್ಲಿ ತಮ್ಮ ಕೊರಳಡಿಯ ಗಂಗೆದೊಗಲು ಸವರಿದ ಮೇಲೆ ಅರ್ಧ ಹಾಲು ಬಿಟ್ಟಿರಿ. ಉಳಿದರ್ಧ ಕೆಚ್ಚಲಲ್ಲೇ ನಿಂತಿತು. ಹೀಗೇ ಹಾಲು ನಿಲ್ಲುತ್ತ ಹೋದರೆ ಕೆಚ್ಚಲು ಬಾವು ಬರುತ್ತದೆ, ಆಮೇಲೆ ಹಸುವನ್ನೇ ಮರೆತುಬಿಡಿ ಎಂದು ದನದ ಡಾಕ್ಟರು ಹೇಳಿ ಹೋದರು.

"ನಿನ್ ಮೈಯೆಲ್ಲಾ ಮಿಷನ್ ಎಣ್ಣೆ ವಾಸ್ನೆ ಕಣಮ್ಮಿ, ಅದ್ಕೇ ಬುಜ್ಜಿ ಸೇರ್ಸಾಕಿಲ್ಲ," ಎಂದು ಅತ್ತೆಯವರು ಬಾಗಿಲಲ್ಲಿ ನಿಂತು ತೀರ್ಪು ಕೊಟ್ಟರು. "ಮುಂದ್ಗಡೆ ಏನಾನ ಒಂದ್ ಬಟ್ಟೆ ಕಟ್ಕಂಡು ಓಗು."

ಬೇರೆ ಸೊಸೆಯಾಗಿದ್ದರೆ ಹಳೆಯ ಟವೆಲ್ಲೊಂದನ್ನು ಸುತ್ತಿಕೊಂಡು ಹೋಗುತ್ತಿದ್ದಳು. ನನಗೆ ಮಾತ್ರ ಅದು ಸವಾಲಿನಂತೆ ಕೇಳಿಸಿತು. ಏಪ್ರನ್ ಎಂದರೆ ತೋಳಿಲ್ಲ, ಕಾಲರಿಲ್ಲ, ಅಳತೆ ತಪ್ಪಿದರೂ ಹಿಂದೆ ದಾರ ಬಿಗಿದರೆ ಮುಗಿಯಿತು. ಜೀವನದಲ್ಲಿ ಒಂದಾದರೂ ಉಡುಪನ್ನು ಪೂರ್ತಿಯಾಗಿ ಹೊಲಿದೆನೆಂದು ಹೇಳಿಕೊಳ್ಳಲು ನನಗೆ ಇದಕ್ಕಿಂತ ಸುಲಭದ್ದು ಸಿಗುವಂತಿರಲಿಲ್ಲ. ತಾವು ಒಪ್ಪುವವರೆಗೆ ದಿನಕ್ಕೊಂದು, ಅದೂ ಹಳೆಯ ಬಟ್ಟೆಯಲ್ಲೇ, ಒಂದರಂತೆ ಇನ್ನೊಂದಿರಬಾರದು ಎಂದು ಶಪಥ ಮಾಡಿದೆ. ಶಪಥ ಮಾಡುವಾಗ ತಾವು ಎಷ್ಟು ಕಟ್ಟುನಿಟ್ಟಿನ ಪರೀಕ್ಷಕರೆಂಬುದು ನನಗೆ ತಿಳಿದಿರಲಿಲ್ಲ.

ಬಟ್ಟೆಗೆ ಕೊರತೆಯಿರಲಿಲ್ಲ. ಊರಿಗಾಂ ಕಡೆಯಿಂದ ತಲೆಯ ಮೇಲೆ ಬುಟ್ಟಿ ಹೊತ್ತು ಬರುವ ಮುನಿನಾರಾಯಣಮ್ಮ ಮನೆಮನೆಯ ಹಳೆ ಬಟ್ಟೆ ತೆಗೆದುಕೊಂಡು ಸ್ಟೀಲು ಪಾತ್ರೆ ಕೊಡುವವರು. ನಮ್ಮ ಜಗಲಿಯಲ್ಲಿ ಒಂದು ಲೋಟ ಮಜ್ಜಿಗೆ ಕುಡಿದರೆಂದರೆ ಬಟ್ಟೆಯ ಗಂಟು ಬಿಚ್ಚಿ, "ಬೇಕಾದ್ದು ಎತ್ಕೋಮ್ಮಾ, ನಿನ್ಗಿಂತ ಎಚ್ಚಾ?" ಎನ್ನುತ್ತಿದ್ದರು. ಸ್ಕೂಲ್ ಯೂನಿಫಾರಂ ಲಂಗದಿಂದ ಮೊದಲನೆಯದನ್ನು ಹೊಲಿದೆ. ಕಟ್ಟುವ ಎರಡು ದಾರವೂ ಒಂದೇ ಕಡೆ ಬಂದವು. ತಾವು ಒದ್ದಿರಿ. ದ್ರಾಕ್ಷಿ ಗೊಂಚಲಿನ ಚಿತ್ರವಿದ್ದ ಕಿಟಕಿ ಪರದೆಯದನ್ನು ಒದೆಯುವ ಮೊದಲು ಒಂದು ಗೊಂಚಲು ತಿಂದು ನೋಡಿದಿರಿ. ಹೋಟೆಲ್ ಮಾಣಿಯ ಅಂಗಿಯೊಂದನ್ನು ತಲೆಕೆಳಗಾಗಿ ಬಳಸಿದ್ದರಿಂದ ಅದರ ಕಾಲರ್ ನನ್ನ ಹೊಟ್ಟೆಯ ಮೇಲೆ ಕೂತಿತ್ತು. ಅದಕ್ಕೂ ಒದೆ ಬಿತ್ತು, ಆದರೆ ಆ ದಿನದ ಒದೆ ನ್ಯಾಯವಾದದ್ದೆಂದು ಒಪ್ಪುತ್ತೇನೆ. ಇನ್ನೊಂದಕ್ಕೆ ಪ್ಯಾಂಟಿನ ಜೇಬು ಇಟ್ಟದ್ದರಿಂದ ಅದರಲ್ಲಿದ್ದ ನನ್ನ ಮೊಬೈಲು ಗಂಜಲದ ಗುಂಡಿ ಕಂಡಿತು. ಹದಿನಾಲ್ಕನೆಯದನ್ನು ನೈಟಿಯೊಂದರ ನೆರಿಗೆ ಬಿಚ್ಚಿ, ಅಂಚಿಗೆ ಕೆಂಪು ಪಟ್ಟಿ ಇಟ್ಟು, ಊಟ ಬಿಟ್ಟು ಹೊಲಿದೆ. ಅತ್ತೆಯವರು ನೋಡಿ, "ಇದ್ಯಾಕಮ್ಮಿ, ಮದ್ವೆ ಮನೆ ಪರದೆ ಕಟ್ಕಂಡು ಆಲು ಕರಿಯಾಕ್ ಬತ್ತಾ ಇದ್ದೀಯ?" ಎಂದರು. ತಾವೂ ಅದೇ ಅಭಿಪ್ರಾಯವನ್ನು ಹಿಂಗಾಲಿನಲ್ಲಿ ತಿಳಿಸಿದಿರಿ.

ತಾವು ತಿರಸ್ಕರಿಸಿದವು ವ್ಯರ್ಥವಾಗಲಿಲ್ಲವೆಂದು ಸಂತೋಷದಿಂದ ಅರಿಕೆ ಮಾಡುತ್ತೇನೆ. ಬಂಗಾರಪೇಟೆಯಲ್ಲಿ ಪಾನಿಪುರಿ ಗಾಡಿ ಇಟ್ಟಿರುವ ನಮ್ಮೂರಿನ ಸುಧಾಕರ್ ಒಂದು ಗೊಂಚಲು ಕಡಿಮೆಯಿರುವ ದ್ರಾಕ್ಷಿಯದನ್ನು ಕಟ್ಟಿಕೊಂಡು ಗಿರಾಕಿಗಳೆದುರು ನಿಲ್ಲುತ್ತಾರೆ. ಡೈರಿಗೆ ಬರುವ ಹೆಂಗಸರು ಐದಾರನ್ನು ಕೇಳಿ ಪಡೆದರು. ಅವರವರ ಹಸುಗಳು ಆಕ್ಷೇಪಿಸಲಿಲ್ಲವಂತೆ. ಇಡೀ ತಾಲ್ಲೂಕಿನಲ್ಲಿ ನನ್ನ ಕೈಕೆಲಸವನ್ನು ಒಪ್ಪದ ವಿಮರ್ಶಕರು ತಾವೊಬ್ಬರೇ ಉಳಿದಿರಿ.

ಇಪ್ಪತ್ತಮೂರನೆಯ ದಿನ ನಲ್ಲಿಯಲ್ಲಿ ನೀರು ಬರಲಿಲ್ಲ. ಪ್ರತಿದಿನ ಬಟ್ಟೆಯನ್ನು ಮಲ್ಲಿಗೆ ಪರಿಮಳದ ಸೋಪಿನಪುಡಿಯಲ್ಲಿ ಚೆನ್ನಾಗಿ ಒಗೆದೇ ಹೊಲಿಯುತ್ತಿದ್ದ ನಾನು, ಅಂದು ಮುನಿನಾರಾಯಣಮ್ಮನ ಗಂಟಿನಲ್ಲಿ ಸಿಕ್ಕ ಮಾಸಿದ ಹಸಿರು ನೂಲಿನ ಸೀರೆಯನ್ನು ಒಗೆಯದೆ ಹಾಗೆಯೇ ಕತ್ತರಿಸಿದೆ. ದಾರಗಳನ್ನು ಸರಿಯಾದ ಕಡೆ ಇಟ್ಟೆ. ಜೇಬನ್ನು ಸ್ವಲ್ಪ ಓರೆಯಾಗಿ ಕೂರಿಸಿದೆ. ಸಂಜೆ ಕಟ್ಟಿಕೊಂಡು ಬಂದು ಕೂತಾಗ ತಾವು ಒಮ್ಮೆ ತಿರುಗಿ ಮೂಸಿದಿರಿ, ಕಣ್ಣು ಅರೆಮುಚ್ಚಿದಿರಿ, ಒಂದು ತೊಟ್ಟೂ ಉಳಿಸಿಕೊಳ್ಳದೆ ಅಷ್ಟೂ ಹಾಲನ್ನು ಬಿಟ್ಟುಕೊಟ್ಟಿರಿ. ನನಗೆ ಕಣ್ಣೀರು ಬಂತು. ಹಾಲು ಹೊತ್ತು ಡೈರಿಗೆ ಹೋದವಳು ಸಾಲಿನಲ್ಲಿದ್ದವರಿಗೆಲ್ಲ, ಎಲ್ಲ ಗುಟ್ಟೂ ಜೇಬಿನ ಓರೆಯಲ್ಲಿದೆ, ಕಟಿಂಗ್ ಸರಿಯಿದ್ದರೆ ಮೂಕಪ್ರಾಣಿಗೂ ಅರ್ಥವಾಗುತ್ತದೆ ಎಂದು ವಿವರಿಸಿದೆ. ಒಂದಿಬ್ಬರು ಜೇಬನ್ನು ಮುಟ್ಟಿಯೂ ನೋಡಿದರು.

ಮನೆಗೆ ಬಂದರೆ ಅತ್ತೆಯವರು ಜಗಲಿಯಲ್ಲಿ ಕೂತಿದ್ದವರು ನನ್ನ ಮುಂಭಾಗವನ್ನೇ ದಿಟ್ಟಿಸಿದರು.

"ಇದು ಎಲ್ ಸಿಕ್ತು ನಿಂಗೆ?"

"ಮುನಿನಾರಾಯಣಮ್ಮನ ಗಂಟ್ನಾಗೆ, ಅತ್ತಮ್ಮ. ಯಾಕೆ?"

"ನನ್ ಸೀರೆ ಕಣಮ್ಮಿ ಇದು. ಆಲು ಕರಿಯಾಕ್ ಓಗುವಾಗ ದಿನಾ ಇದ್ನೇ ಉಡ್ತಿದ್ದೆ."

ಹದಿನೇಳು ವರ್ಷ ಒಂದೇ ಸೂರಿನಡಿ ಇದ್ದೂ ಅತ್ತೆಯವರು ಯಾವ ಸೀರೆಯಲ್ಲಿ ಹಾಲು ಕರೆಯುತ್ತಾರೆಂದು ನನಗೆ ಗೊತ್ತಿರಲಿಲ್ಲ. ಆ ಹೊತ್ತಿಗೆ ನಾನು ರೈಲಿನಲ್ಲಿರುತ್ತಿದ್ದೆ, ಕೆಲಸ ಹೋದ ಮೇಲೂ ಕೊಟ್ಟಿಗೆಯ ಕಡೆ ತಲೆ ಹಾಕಿರಲಿಲ್ಲ. ತಾವು ಒಪ್ಪಿದ್ದು ನನ್ನ ಜೇಬನ್ನಲ್ಲ, ಅವರ ವಾಸನೆಯನ್ನು ಎಂಬುದು ನಿಧಾನವಾಗಿ ತಲೆಗೆ ಹೋಯಿತು. ಹಿಂದಿನ ಇಪ್ಪತ್ತೆರಡನ್ನು ತಾವು ಒದ್ದದ್ದು ಬಹುಶಃ ಮಲ್ಲಿಗೆ ಪರಿಮಳಕ್ಕೆ. ಆ ಸೀರೆಯನ್ನು ಮೊದಲೇ ನನಗೆ ಕೊಡಬಹುದಿತ್ತಲ್ಲ, ಪಾತ್ರೆಗೆ ಯಾಕೆ ಹಾಕಿದಿರಿ ಎಂದು ಕೇಳಿದೆ. ಅವರು ಕಟ್ಟು ಹಾಕಿದ ಕೈಯನ್ನು ಸೆರಗಿನಡಿ ಸೇರಿಸಿಕೊಂಡರು.

"ಕೊಟ್ಟಿದ್ರೆ ಬುಜ್ಜಿ ಅವತ್ತೇ ನಿಂಗೆ ಆಲು ಬಿಡ್ತಿತ್ತು," ಎಂದರು. "ಕೈಯೂ ಓತು, ಅಸುವೂ ನಿಂದಾತು ಅಂದ್ರೆ, ಈ ಮನ್ಯಾಗೆ ನನ್ನ ಕೇಳೋರ್ ಯಾರಮ್ಮಿ?"

ನಾನು ಕೋಪ ಮಾಡಿಕೊಳ್ಳಬೇಕಿತ್ತು. ಇಪ್ಪತ್ತೆರಡು ಒದೆಗಳ ಹಕ್ಕು ನನಗಿತ್ತು. ಆದರೆ ಫ್ಯಾಕ್ಟರಿಯಿಂದ ಕಳಿಸಿದ ಮಾರನೆಯ ಬೆಳಗ್ಗೆ ಎಲ್ಲಿಗೂ ಹೋಗಬೇಕಿಲ್ಲವೆಂದು ಗೊತ್ತಿದ್ದೂ ಎದ್ದು ತಲೆ ಬಾಚಿಕೊಂಡು ಕೂತವಳು ನಾನು. ಒಳಗೆ ಹೋಗಿ ಒಲೆ ಹಚ್ಚಿದೆ.

ಬುಜ್ಜಿಯವರೇ, ಇಲ್ಲಿಯವರೆಗೆ ಹೇಳಿದ್ದೆಲ್ಲ ಪೀಠಿಕೆ. ನನ್ನ ದೂರು ಹೋದ ಸೋಮವಾರದ್ದು. ಕೈಯ ಕಟ್ಟು ಬಿಚ್ಚಿ ಮೂರನೆಯ ದಿನ ಅತ್ತೆಯವರು ತಲೆಗೆ ಎರೆದುಕೊಂಡು, ಒಗೆದ ಸೀರೆಯುಟ್ಟು, ಮಣಿಕಟ್ಟಿಗೆ ನೋವಿನೆಣ್ಣೆ ತಿಕ್ಕಿಕೊಂಡು, ಚೊಂಬು ಹಿಡಿದು ತಮ್ಮ ಬಳಿ ಬಂದರು. ಬಾಟಲಿಯಲ್ಲಿ ಹಾಲು ಕುಡಿಸಿ ತಮ್ಮನ್ನು ಬದುಕಿಸಿದ ಆ ತಾಯಿಯನ್ನು ತಾವು ಒದ್ದಿರಿ. ಪೆಟ್ಟು ತಾಗಲಿಲ್ಲ, ಚೊಂಬು ಮಾತ್ರ ಹಾರಿತು. ಅವರು ಎದ್ದು ಜಗಲಿಗೆ ಬಂದು ಕೂತು, "ಅದ್ಕೂ ಬ್ಯಾಡಾದೆ," ಎಂದರು. ಅಂದು ಮಧ್ಯಾಹ್ನ ಮುದ್ದೆಯನ್ನೂ ಮುಟ್ಟಲಿಲ್ಲ. ಇಪ್ಪತ್ತೆರಡು ಸಲ ಒದೆಸಿಕೊಂಡಾಗಲೂ ತಮ್ಮ ಮೇಲೆ ಬಾರದ ಸಿಟ್ಟು ಆ ಒಂದು ಒದೆಗೆ ಬಂತು.

ಸಂಜೆ ನಾನು ಕಟ್ಟಿಕೊಂಡಿದ್ದ ಹಸಿರು ಏಪ್ರನ್ನನ್ನು ಬಿಚ್ಚಿ, ಬೇಡವೆಂದರೂ ಬಿಡದೆ ಅತ್ತೆಯವರ ಸೊಂಟಕ್ಕೆ ಕಟ್ಟಿ, ಎಣ್ಣೆ ಹೋಗುವಂತೆ ಅವರ ಕೈಗೆ ಸೀಗೆಪುಡಿ ಹಚ್ಚಿ ತೊಳೆದು, ತೋಳು ಹಿಡಿದು ತಮ್ಮ ಮುಂದೆ ತಂದು ಕೂರಿಸಿದೆ. ತಾವು ಮೂಸಿದಿರಿ, ನಾಚಿಕೆಯೇ ಇಲ್ಲದವರಂತೆ ಅವರ ಹೆಗಲು ನೆಕ್ಕಿದಿರಿ, ಹಾಲು ಬಿಟ್ಟಿರಿ. ಅರ್ಧ ಕರೆಯುವಷ್ಟರಲ್ಲಿ ಅವರ ಕೈ ಸೋತಿತು. "ಇನ್ನಾಗಕಿಲ್ಲ, ಬಾರಮ್ಮಿ," ಎಂದರು. ಮಿಕ್ಕಿದ್ದನ್ನು ನಾನು ಕರೆದೆ. ಈಗ ಆ ಸೀರೆಯ ಉಳಿದ ತುಂಡಿನಲ್ಲಿ ಇನ್ನೊಂದು ಏಪ್ರನ್ ಹೊಲಿದಿದ್ದೇನೆ. ಕೆಚ್ಚಲಿನ ಮುಂದಿನ ಎರಡು ಮೊಲೆತೊಟ್ಟು ಅತ್ತೆಯವರದು, ಹಿಂದಿನ ಎರಡು ನನ್ನದು ಎಂದು ಒಪ್ಪಂದವಾಗಿದೆ.

ಆದ್ದರಿಂದ ತಮ್ಮಲ್ಲಿ ವಿನಂತಿ: ಅತ್ತೆಯವರನ್ನು ಇನ್ನು ಮೇಲೆ ಯಾವ ಕಾರಣಕ್ಕೂ ಒದೆಯಕೂಡದು. ಒದೆಯಲೇಬೇಕೆಂಬ ಒತ್ತಡ ಬಂದಲ್ಲಿ ಒಂದು ದಿನ ಮುಂಚಿತವಾಗಿ ಲಿಖಿತ ನೋಟಿಸು ಕೊಟ್ಟು ನನ್ನನ್ನು ಕರೆಸಿಕೊಳ್ಳುವುದು. ಜೇಬಿನ ಓರೆಯ ಬಗ್ಗೆ ಡೈರಿಯವರ ಮುಂದೆ ಒಂದೆರಡು ಒಳ್ಳೆಯ ಮಾತಾಡಿದರೆ ನನ್ನ ಮಾನವೂ ಉಳಿದೀತು.

ಹಿಂಡಿ ಬೂಸದ ಹೊತ್ತಿಗೆ ಮಾತ್ರ ನೆನಪಾಗುವ,
ತಮ್ಮ ವಿಶ್ವಾಸಿ,
ಶಶಿರೇಖ

ತಾ.ಕ.: ನಿನ್ನೆ ಹುಲ್ಲು ತರುವಾಗ ಕೊಟ್ಟಿಗೆಯ ಹೊರಗೆ ನಿಂತು ಕೇಳಿಸಿಕೊಂಡೆ. ಅತ್ತೆಯವರು ತಮ್ಮ ಕಿವಿಯಲ್ಲಿ, "ನೋಡೇ ಬುಜ್ಜಿ, ಅವ್ಳನ್ನ ಒದೀಬ್ಯಾಡ. ಬ್ಯಾಸರ ಆಗಿ ಅವ್ಳು ಇನ್ನೊಂದ್ ಫ್ಯಾಕ್ಟ್ರಿ ಉಡುಕ್ಕೊಂಡು ಓಗ್ಬುಟ್ರೆ ನಾನು ಯಾರ್ ಕೂಡೆ ಜಗಳ ಆಡ್ಲಿ?" ಎನ್ನುತ್ತಿದ್ದರು. ತಾವು ತಲೆಯಾಡಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನೊಣ ಓಡಿಸಲು ಆಡಿಸಿದೆ ಎಂದು ಆಮೇಲೆ ಮಾತು ತಿರುಗಿಸಬಾರದು.